ಮೊದಲು ಝೂಲ ತೆಗೀರಿ

ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುವುದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ನಾನು ಹುಟ್ಟಿದ್ದೇ ದನದ ಸಂತೆಗೆ ಹೋಗುವವರ ಮನೆಯಲ್ಲಿ. ನನ್ನ ತವರು ಕುಡಚಿ ಕಡೆ. ಸಣ್ಣವಳಿದ್ದಾಗ ಅಪ್ಪನ ಹಿಂದೆ ಸಂತೆಗೆ ಹೋಗುತ್ತಿದ್ದೆ. ಮಾರುವವರು ಎತ್ತಿನ ಬೆನ್ನಿಗೆ ಕನ್ನಡಿ ಹೊಲಿದ, ಕೆಂಪು ಹಳದಿ ಗೊಂಡೆಗಳ ಝೂಲ ಹೊದಿಸಿ ಮದುಮಗನ ಹಾಗೆ ನಿಲ್ಲಿಸಿರುತ್ತಿದ್ದರು. ಬಂದ ಮಂದಿ ಝೂಲ ನೋಡಿಯೇ ಮರುಳಾಗುತ್ತಿದ್ದರು. ಅಪ್ಪ ಮಾತ್ರ ಕೈಕಟ್ಟಿ ನಿಂತು ಒಂದೇ ಮಾತು ಹೇಳುತ್ತಿದ್ದ: “ಮೊದಲ ಝೂಲ ತೆಗೀರಿ.”

ತೆಗೆದ ಮೇಲೂ ಅವನು ಬೆನ್ನು ನೋಡುತ್ತಿರಲಿಲ್ಲ. ನೊಗ ಕೂಡುವ ಜಾಗಕ್ಕೆ ಹೆಬ್ಬೆರಳು ಒತ್ತಿ ಎತ್ತಿನ ಕಣ್ಣು ನೋಡುತ್ತಿದ್ದ. ಬಾತ ಹೆಗಲಿಗೆ ಎಣ್ಣೆ ಅರಿಸಿನ ಬಳಿದು ಮುಚ್ಚಬಹುದು, ನೋವಿಗೆ ಬಡಿದುಕೊಳ್ಳುವ ರೆಪ್ಪೆಗೆ ಏನು ಬಳಿಯುತ್ತಾರೆ ಅನ್ನುವುದು ಅವನ ಲೆಕ್ಕ. ಅಂಥವನ ಮಗಳಾದ ನಾನು ಅನುಮಾನದ ಪ್ರಾಣಿಯಾದರೆ ತಪ್ಪೇನು? ರಾಯಬಾಗ ಕಡೆಗೆ ಕೊಟ್ಟ ಮೇಲೆ, ಕಬ್ಬು ದ್ರಾಕ್ಷಿಯ ಈ ಮನೆಯಲ್ಲಿ ನನ್ನ ಯಜಮಾನರು ಅದೇ ಮಾತು ಎತ್ತಿ ಇಂದಿಗೂ ಕಾಡಿಸುತ್ತಾರೆ. ಕಾಡಿಸಲಿ.

ನನ್ನ ಅನುಮಾನಕ್ಕೆ ಈಚೆಗೆ ಕೈತುಂಬ ಕೆಲಸ ಕೊಟ್ಟದ್ದು ಮಗಳ ರೋಲರ್ ಹಾಕಿ. ಚಿಕ್ಕೋಡಿಯ ಹೈಸ್ಕೂಲಿಗೆ ಹೋಗುವ ಇವಳು ಒಂದು ದಿನ ಬಂದು, ಕಾಲಿಗೆ ಗಾಲಿಯ ಬೂಟು ಕಟ್ಟಿಕೊಂಡು ಹಾಕಿ ಆಡುತ್ತೇನೆ ಅಂದಳು. ನೆಟ್ಟಗೆ ನೆಲದ ಮೇಲೆ ಆಡುವುದಕ್ಕೆ ಏನು ಧಾಡಿ ಎಂದೆ. ನಾನೂ ಯಜಮಾನರೂ ನೋಡಲು ಹೋದೆವು. ಸಿಮೆಂಟಿನ ಅಂಗಳ, ಸುತ್ತ ಕಬ್ಬಿಣದ ಕಂಬಿ, ಒಳಗೆ ಹುಡುಗಿಯರು ಕೋಲು ಹಿಡಿದು ಚೆಂಡಿನ ಹಿಂದೆ ಬಿರುಗಾಳಿಯಂತೆ ಓಡುತ್ತಿದ್ದರು. ನಮ್ಮ ಕಣ್ಣ ಮುಂದೆಯೇ ಒಬ್ಬಳು ಬಿದ್ದು ಕಂಬಿಯತನಕ ಜಾರಿಕೊಂಡು ಬಂದಳು. ಯಜಮಾನರು ಮನೆಗೆ ಬಂದ ಮೇಲೆ ಮಗಳನ್ನು ಮುಂದೆ ಕೂರಿಸಿಕೊಂಡು ಕರಾರು ಹಾಕಿದರು.

“ಆಡು, ಬ್ಯಾಡನ್ನಂಗಿಲ್ಲ. ಆದ್ರ ಒಂದ ಸಲ ದವಾಖಾನಿ ಮೆಟ್ಟಲಾ ಹತ್ತೂ ಪಾಳಿ ಬಂತಂದ್ರ, ಅವತ್ತ ಆಟ ಬಂದ್.”

ಅವರು ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳುವ ಗಂಡಸಲ್ಲ. ಅದು ಮಗಳಿಗೂ ಗೊತ್ತಿತ್ತು.

ಆಮೇಲೆ ಶುರುವಾಯಿತು ಪ್ಯಾಡಿನ ಜಗಳ. ಆಟ ಕಲಿಸುವ ಸರ್, ಮೊಣಕಾಲಿಗೆ ಮೊಣಕೈಗೆ ಪ್ಯಾಡ್ ಇಲ್ಲದೆ ಅಂಗಳಕ್ಕೆ ಕಾಲಿಡಬಾರದು ಎಂದು ಹೇಳಿ ಕಳಿಸಿದರು. ನನಗೆ ಮೊದಲು ಅವರ ಮೇಲೆಯೇ ಅನುಮಾನ. ಇಷ್ಟು ಒತ್ತಿ ಹೇಳುತ್ತಾರೆಂದರೆ ಅವರ ಭಾವಮೈದುನನದು ಎಲ್ಲೋ ಪ್ಯಾಡಿನ ಅಂಗಡಿ ಇರಬೇಕು ಅಂದುಕೊಂಡೆ. ವಿಚಾರಿಸಿದರೆ ಆ ಮನುಷ್ಯನಿಗೆ ಮದುವೆಯೇ ಆಗಿರಲಿಲ್ಲ. ಆದರೂ ಸುಮ್ಮನಾಗಲಿಲ್ಲ ನಾನು. ನಿಪ್ಪಾಣಿಯಲ್ಲಿ ತಂದ ಪ್ಯಾಡಿನ ಅಂಚಿನ ಹೊಲಿಗೆ ಬಿಚ್ಚಿ, ಒಳಗೆ ಏನು ತುಂಬಿದ್ದಾರೆ ಎಂದು ಬೆರಳು ಹಾಕಿ ನೋಡಿದೆ. ಗಟ್ಟಿ ಸ್ಪಂಜು ಇತ್ತು. ಮತ್ತೆ ಹೊಲಿದೆ. ಮಗಳು ಹಣೆ ಚಚ್ಚಿಕೊಂಡಳು.

ಅವಳಿಗೋ ಪ್ಯಾಡ್ ಅಂದರೆ ಆಗದು. ಸೆಕೆ, ಕೆರೆತ, ಕೈ ಬೇಗ ತಿರುಗುವುದಿಲ್ಲ, ಚಲೋ ಆಡುವ ಅಕ್ಕಂದಿರು ಯಾರೂ ಕಟ್ಟುವುದಿಲ್ಲ, ಪ್ಯಾಡ್ ಇದೆ ಎಂಬ ಧೈರ್ಯಕ್ಕೇ ಮಂದಿ ಹೆಚ್ಚು ಬೀಳುತ್ತಾರೆ, ಹೀಗೆ ಪುರಾಣ. ಕೊನೆಯ ಮಾತಿನಲ್ಲಿ ಸ್ವಲ್ಪ ಸತ್ಯ ಇದ್ದೀತು ಎಂದು ನನಗೂ ಅನಿಸಿತ್ತು, ಅವಳ ಮುಂದೆ ಒಪ್ಪಿಕೊಳ್ಳಲಿಲ್ಲ. ದಿನಾ ಹೊರಡುವಾಗ ನಾನು ಬಾಗಿಲಲ್ಲಿ ನಿಂತು ಚೀಲ ತೆಗೆಸಿ, ಪ್ಯಾಡ್ ಇದೆಯೋ ಇಲ್ಲವೋ ನೋಡಿ ಬಿಡುತ್ತಿದ್ದೆ. ಚೀಲದಲ್ಲಿ ಇದ್ದದ್ದು ಕೈಗೆ ಏರುತ್ತದೋ ಇಲ್ಲವೋ ದೇವರೇ ಬಲ್ಲ.

ಹೀಗಿರುವಾಗ ದ್ರಾಕ್ಷಿ ಕಟಾವಿನ ದಿನಗಳಲ್ಲಿ ಮಗಳು ಇದ್ದಕ್ಕಿದ್ದಂತೆ ಶಾಣ್ಯಾಕಿ ಆದಳು. ಹೇಳದೆಯೇ ಪ್ಯಾಡ್ ಕಟ್ಟಿಕೊಂಡು ಹೊರಟಳು. ಕಟ್ಟಿಕೊಂಡೇ ಬಂದಳು. ಬಂದ ಮೇಲೂ ಬಿಚ್ಚಲಿಲ್ಲ, ಕಟ್ಟೆಯ ಮೇಲೆ ಪ್ಯಾಡ್ ಸಮೇತ ಕೂತು ಚಹಾ ಕುಡಿದಳು. ರೂಢಿ ಆಗಲಿ ಎಂದು ಸರ್ ಹೇಳಿದ್ದಾರಂತೆ. ಯಜಮಾನರಿಗೆ ಖುಷಿಯೋ ಖುಷಿ. ನೋಡು, ನನ್ನ ಕರಾರಿಗೆ ಹೇಗೆ ಹಾದಿಗೆ ಬಂದಳು ಎಂದು ಮೀಸೆ ತಿರುವಿದರು.

ನನಗೆ ಮೈಯೆಲ್ಲ ಅನುಮಾನ. ಬೈದರೂ ಮಾತು ಕೇಳದ ಮಕ್ಕಳು ಬೈಯದೆ ಮಾತು ಕೇಳಿದರೆ ತಾಯಿಯಾದವಳು ಎಚ್ಚರಾಗಬೇಕು.

ಕಣ್ಣಿಟ್ಟು ನೋಡತೊಡಗಿದೆ. ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದವಳು ಈಗ ಕೂದಲು ಬಿಟ್ಟುಕೊಂಡೇ ಮನೆ ಬಿಡುತ್ತಿದ್ದಳು, ಸಂಜೆ ಬರುವಾಗ ನೋಡಿದರೆ ಜಡೆ ಇರುತ್ತಿತ್ತು. ಯಾರು ಹಾಕಿದರು ಅಂದರೆ ಬಸ್ಸಿನಲ್ಲಿ ಗೆಳತಿ ಅನ್ನುತ್ತಿದ್ದಳು. ಸಂಜೆ ನನ್ನ ಜೊತೆ ರೊಟ್ಟಿ ಬಡಿಯಲು ಕೂರುತ್ತಿದ್ದವಳಿಗೆ ಅದೇ ಹೊತ್ತಿಗೆ ಸರಿಯಾಗಿ ಲೆಕ್ಕದ ಅಭ್ಯಾಸ ನೆನಪಾಗುತ್ತಿತ್ತು. ನನ್ನ ತಲೆ ಎಲ್ಲೆಲ್ಲೋ ಓಡಿತು. ಬಸ್ಸಿನಲ್ಲಿ ಯಾವನಾದರೂ ಇದ್ದಾನೆಯೇ? ಅವಳು ಸ್ನಾನಕ್ಕೆ ಹೋದಾಗ ಪುಸ್ತಕದ ಚೀಲ ಜಾಲಾಡಿದೆ, ಮುರಿದ ಪೆನ್ಸಿಲ್ಲು ಸಿಕ್ಕಿತು. ಒಂದು ದಿನ ದ್ರಾಕ್ಷಿ ಬುಟ್ಟಿ ಎತ್ತಿಸಲು ಕರೆದರೆ ಬಲಗೈ ಒಂದನ್ನೇ ಕೊಟ್ಟಳು. ಎಡಗೈ ಎಲ್ಲಿ ಹೋಯಿತೇ ಎಂದು ಕೇಳಿದೆ. ನಕ್ಕಳು. ಆ ನಗು ನನಗೆ ಸರಿಬರಲಿಲ್ಲ.

ಅದೇ ಸಂಜೆ ಹಿಟ್ಟು ನಾದುತ್ತಾ ಕೂತಿದ್ದೆ. ಅವಳು ಕಟ್ಟೆಯ ಮೇಲೆ, ಎಂದಿನಂತೆ ಪ್ಯಾಡ್ ಕಟ್ಟಿಕೊಂಡು. ಕಪ್ಪು ಪ್ಯಾಡಿನ ಮೇಲೆ ಹೊಳೆಯುವ ಹಳದಿ ಪಟ್ಟಿ. ನೋಡುತ್ತ ನೋಡುತ್ತ ನನಗೆ ಸಂತೆಯ ಆ ಝೂಲ ಕಣ್ಣಿಗೆ ಕಟ್ಟಿತು. ಜಡೆಗೆ ಎರಡು ಕೈ ಬೇಕು. ರೊಟ್ಟಿಗೆ ಎರಡು ಕೈ ಬೇಕು. ಬುಟ್ಟಿಗೂ ಎರಡು ಕೈ ಬೇಕು. ಹಿಟ್ಟಿನ ಕೈಯಲ್ಲೇ ಎದ್ದು ಹೋದೆ.

“ಪ್ಯಾಡ್ ತೆಗಿ.”

“ಬೆವರ ಐತಿ ಬೇ, ಆಮ್ಯಾಲ ತೆಗೀತೀನಿ.”

ಅಂದವಳು ಎಡಗೈಯನ್ನು ಮಡಿಲಿಗೆ ಎಳೆದುಕೊಂಡಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನೇ ಪಟ್ಟಿ ಬಿಚ್ಚಿದೆ. ಮೊಣಕೈ ಬಾತು, ನೀಲಿ ಹೋಗಿ ಹಳದಿಗೆ ತಿರುಗಿತ್ತು. ಹೆಬ್ಬೆರಳು ಮೆಲ್ಲಗೆ ಒತ್ತಿ ಅವಳ ಕಣ್ಣು ನೋಡಿದೆ. ಬಾಯಿ ಬಿಗಿಹಿಡಿದು ಕೂತಿದ್ದಳು ಖೋಡಿ. ಆದರೆ ರೆಪ್ಪೆ ಪಟಪಟ ಬಡಿದುಕೊಂಡಿತು.

ಆಗ ಎಲ್ಲ ಹೊರಬಿತ್ತು. ಬಿದ್ದ ದಿನ ಪ್ಯಾಡ್ ಚೀಲದಲ್ಲೇ ಇತ್ತಂತೆ. ಬಿದ್ದ ಮೇಲೆ ಕಟ್ಟಿಕೊಂಡಿದ್ದಾಳೆ, ಬಾವು ಯಾರಿಗೂ ಕಾಣಬಾರದು ಎಂದು. ಬೆಳಗಾವಿಯಲ್ಲಿ ಜಿಲ್ಲೆಯ ತಂಡಕ್ಕೆ ಆರಿಸುವ ದಿನ ಹತ್ತಿರ ಬಂದಿತ್ತು, ಅಲ್ಲಿಯವರೆಗೆ ತಡೆದುಕೊಂಡರಾಯಿತು ಎಂದು ಹಲ್ಲು ಕಚ್ಚಿ ಅದೇ ಕೈಯಲ್ಲಿ ಆಡಿದ್ದಾಳೆ. ಸರ್‌ಗೂ ಗೊತ್ತಿಲ್ಲ.

“ಅಪ್ಪಾಗ ಹೇಳಬ್ಯಾಡ ಬೇ,” ಎಂದು ನನ್ನ ಸೆರಗು ಹಿಡಿದಳು. “ದವಾಖಾನಿಗಿ ಅಂದ್ರ ಆಟ ಬಂದ್ ಮಾಡ್ತಾರ.”

ಹೇಳಿದರೆ ಮಗಳ ಆಟ ಹೋಗುತ್ತದೆ, ಹೇಳದಿದ್ದರೆ ಕೈಯೇ ಹೋಗಬಹುದು. ಸಿಟ್ಟಿಗೆ ನಾಲ್ಕು ಬಾರಿಸಬೇಕು ಅನಿಸಿತು, ಎಲ್ಲಿ ಬಾರಿಸುವುದು? ಅಷ್ಟರಲ್ಲಿ ಟ್ರ್ಯಾಕ್ಟರ್ ಅಂಗಳಕ್ಕೆ ಬಂತು. ನಾನು ಮಗಳ ಕೈ ಹಿಡಿದುಕೊಂಡೇ ಹೋಗಿ ಅವರ ಮುಂದೆ ನಿಂತೆ. ಪ್ಯಾಡ್ ಇಲ್ಲದ ಕೈ ತೋರಿಸಿದೆ.

ಅವರ ಮುಖ ಕಪ್ಪಿಟ್ಟಿತು. ನಾನು ಹೇಳಿರಲಿಲ್ಲವೇ, ಮುಗಿಯಿತು, ನಾಳೆಯಿಂದ ಆ ಬೂಟು ಮನೆಯಲ್ಲಿ ಕಾಣಬಾರದು ಎಂದು ಕರಾರು ಎತ್ತಿದರು. ಮಗಳು ಅಳಲೂ ಇಲ್ಲ. ನೆಲ ನೋಡುತ್ತ ನಿಂತಳು. ನನಗೆ ತಡೆಯಲಾಗಲಿಲ್ಲ.

“ನಿಮ್ಮ ಮಾತಿಗಿ ಅಂಜಿನ ಮುಚ್ಚಿಟ್ಟಾಳ್ರಿ ಆಕಿ,” ಅಂದೆ. “ಝೂಲ ತೆಗದ ಬಾವು ತೋರಿಸಿದಾವನ್ನ ಸಂತಿಯಿಂದ ಹೊರಗ ಹಾಕ್ತೇವಿ ಅಂದ್ರ, ಯಾವ ಮಗಾ ಝೂಲ ತೆಗೀತಾನ್ರಿ?”

ಅವರು ಟೋಪಿ ತೆಗೆದು ಟ್ರ್ಯಾಕ್ಟರಿನ ಮೇಲೆ ಇಟ್ಟರು. ಹತ್ತಿರ ಬಂದು ಮಗಳ ಮೊಣಕೈಯನ್ನು ಅಂಗೈಯಲ್ಲಿ ಹಿಡಿದರು. ಅವರೂ ಎತ್ತು ಸಾಕಿದವರೇ. ಹೆಬ್ಬೆರಳು ಇಟ್ಟರು, ಒತ್ತಲು ಮನಸ್ಸಾಗಲಿಲ್ಲ.

“ಎಷ್ಟ ದಿನಾ ಆತ ಮಗಳ?”

ಅಷ್ಟು ಕೇಳಿದ್ದಕ್ಕೆ ಅವಳು ಬಿಕ್ಕಿ ಬಿಕ್ಕಿ ಅತ್ತಳು. ನಾಳೆ ನಿಪ್ಪಾಣಿಗೆ ಹೋಗಿ ಮೊದಲು ಎಕ್ಸ್‌ರೇ ತೆಗೆಸೋಣ ಅಂದರು. ಆಟ? ಎಂದು ಅವಳು ಅಳುತ್ತಲೇ ಕೇಳಿದಳು.

“ಕೈ ನೆಟ್ಟಗಾದ ಮ್ಯಾಲ ಆಡು. ಬಿದ್ದ ದಿನಾನ ಹೇಳಬೇಕ, ಅಷ್ಟ ನನ್ನ ಕರಾರು.”

ಇಷ್ಟು ಸುಲಭಕ್ಕೆ ಬಗ್ಗಿದರಲ್ಲ ಎಂದು ನನಗೆ ಅವರ ಮೇಲೂ ಅನುಮಾನ ಬಂತು. ಡಾಕ್ಟರ ಕಿವಿಯಲ್ಲಿ ಊದಿ ‘ಇನ್ನು ಆಡಬಾರದು’ ಅನ್ನಿಸುವ ಹುನ್ನಾರವೇನೋ ಎಂದು ನಿಪ್ಪಾಣಿಯ ದವಾಖಾನೆಯಲ್ಲಿ ಅವರ ಪಕ್ಕ ಬಿಟ್ಟು ಅಲ್ಲಾಡಲಿಲ್ಲ. ಅವರು ಡಾಕ್ಟರ ಜೊತೆ ಮರಾಠಿಯಲ್ಲಿ ಮಾತಾಡಿದರು. ಕೇಳಿದ್ದು ಒಂದೇ, ಹುಡುಗಿ ಮತ್ತೆ ಕೋಲು ಹಿಡಿಯುವುದು ಯಾವಾಗ ಎಂದು. ಆಮೇಲೆ ಅವರನ್ನು ನಂಬಿದೆ. ಎಲುಬಿಗೆ ಸಣ್ಣ ಬಿರುಕು ಬಿದ್ದಿತ್ತು. ಇನ್ನೂ ಕೆಲವು ದಿನ ಹಾಗೆಯೇ ಆಡಿದ್ದರೆ ಕೈ ಪೂರ್ತಿ ಚಾಚಲು ಬರುತ್ತಿರಲಿಲ್ಲ ಎಂದರು ಡಾಕ್ಟರು. ಕೈಗೆ ಪ್ಲಾಸ್ಟರ್ ಹಾಕಿದರು.

ಬೆಳಗಾವಿಯ ಆಯ್ಕೆ ಅವಳಿಲ್ಲದೆ ಮುಗಿಯಿತು. ಆ ದಿನ ಊಟ ಬಿಟ್ಟಳು, ನನ್ನ ಜೊತೆ ಮಾತೂ ಬಿಟ್ಟಳು. ಪ್ಯಾಡ್ ತೆಗೆಸಿದವಳು ನಾನಲ್ಲವೇ. ಬಿಡಲಿ ಅಂದುಕೊಂಡೆ, ಆದರೂ ಸಂಕಟವಾಯಿತು. ರಾತ್ರಿಗೆ ಜಡೆ ಬಿಚ್ಚಲು ನನ್ನ ಹತ್ತಿರವೇ ಬಂದು ಬೆನ್ನು ಕೊಟ್ಟು ಕೂತಳು.

ಪ್ಲಾಸ್ಟರ್ ಇರುವಾಗಲೇ, ಆಟ ನೋಡಬೇಕು ಎಂದು ಹಟ ಹಿಡಿದದ್ದಕ್ಕೆ ಒಂದು ಭಾನುವಾರ ಅವಳನ್ನು ಚಿಕ್ಕೋಡಿಯ ಅಂಗಳಕ್ಕೆ ಕರೆದುಕೊಂಡು ಹೋದೆ. ಪ್ಯಾಡ್ ಬೇಕೋ ಬೇಡವೋ ಎಂದು ಅಲ್ಲಿ ಅಕ್ಕಂದಿರ ವಾದ ಇನ್ನೂ ನಡೆದೇ ಇತ್ತು. ಇವಳು ಅದಕ್ಕೆ ಕಿವಿಗೊಡಲಿಲ್ಲ. ಕಂಬಿಗೆ ಒರಗಿ, ಹೊಸದಾಗಿ ಬಂದಿದ್ದ ಒಬ್ಬ ಸಣ್ಣ ಹುಡುಗಿಯನ್ನೇ ನೋಡುತ್ತಿದ್ದಳು. ಆ ಹುಡುಗಿಯ ಮೊಣಕಾಲಿನ ಪ್ಯಾಡ್ ಹೊಚ್ಚ ಹೊಸದು, ಗುಲಾಬಿ ಬಣ್ಣದ್ದು. ಒಮ್ಮೆ ಬಿದ್ದು ಎದ್ದು, ಏನೂ ಆಗಿಲ್ಲ ಎಂದು ಎಲ್ಲರಿಗೂ ಕೈಬೀಸಿ ನಗುತ್ತ ಕಂಬಿಯ ಕಡೆ ಬಂದಳು. ನನ್ನ ಮಗಳು ಒಂದೇ ಕೈಯಲ್ಲಿ ಅವಳನ್ನು ತಡೆದು ನಿಲ್ಲಿಸಿದಳು.

“ಪ್ಯಾಡ್ ತೆಗಿ, ನೋಡೂನು.”

ಆ ಹುಡುಗಿ ಗೊಣಗುತ್ತ ಪಟ್ಟಿ ಬಿಚ್ಚಿದಳು. ನನ್ನ ಮಗಳು ಮೊಣಕಾಲಿಗೆ ಮೆಲ್ಲಗೆ ಹೆಬ್ಬೆರಳು ಒತ್ತಿದಳು. ಮೊಣಕಾಲು ನೋಡುತ್ತಿರಲಿಲ್ಲ ಅವಳು, ಆ ಹುಡುಗಿಯ ಕಣ್ಣು ನೋಡುತ್ತಿದ್ದಳು.