ಎಂತ ವಿಶೇಷ?

ನನಗೆ ಹಾವಿನ ಹೆದರಿಕೆ ಇಲ್ಲ, ಜಿಗಣೆಯ ಹೆದರಿಕೆ ಇಲ್ಲ, ಶಾಲೆಯ ಇನ್‌ಸ್ಪೆಕ್ಟರ ಹೆದರಿಕೆಯಂತೂ ಮೊದಲಿಂದಲೂ ಇಲ್ಲ. ಆದರೆ ಒಂದು ಶಬ್ದಕ್ಕೆ ಮಾತ್ರ ಬಹಳ ವರ್ಷ ಹೆದರಿದ್ದೇನೆ. ವಿಶೇಷ ಎಂಬ ಶಬ್ದಕ್ಕೆ.

ನೀವು ನಗಬಹುದು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು, ಸಂತೆಯಲ್ಲಿ ಸೌತೆಕಾಯಿ ಆರಿಸುತ್ತಿರುವವರು, ಎಂದೋ ಒಂದು ಮದುವೆಮನೆಯಲ್ಲಿ ಒಂದೇ ಪಂಕ್ತಿಯಲ್ಲಿ ಉಂಡವರು, ಎಲ್ಲರೂ ಕೇಳುವುದು ಇದನ್ನೇ: ಎಂತ ವಿಶೇಷ? ಗಂಡಸರನ್ನು ಕೇಳಿದರೆ ಅದರ ಅರ್ಥ ಕಾಫಿ ಹೂ ಹೇಗೆ ಬಂದಿದೆ, ದನ ಕರು ಹಾಕಿತೋ ಇಲ್ಲವೋ ಎಂದು. ಮದುವೆಯಾದ ಹೆಂಗಸನ್ನು ಕೇಳಿದರೆ ಅರ್ಥ ಒಂದೇ. ಕೇಳುವವರ ಕಣ್ಣು ಮೊದಲು ಹೊಟ್ಟೆಗೆ ಹೋಗುತ್ತದೆ, ಅಲ್ಲಿಂದ ನಿಧಾನಕ್ಕೆ ಮುಖಕ್ಕೆ ಬರುತ್ತದೆ. ಉತ್ತರ ಹೇಳುವ ಮೊದಲೇ ಅವರಿಗೆ ಉತ್ತರ ಸಿಕ್ಕಿರುತ್ತದೆ. ಆಮೇಲೆ ಬರುವುದು ಬರೀ ಕನಿಕರ.

ನಾನು ಟೀಚರಾಗಿದ್ದ ಶಾಲೆಯಲ್ಲಿ ಸಂಸ್ಕೃತ ಪಂಡಿತರೊಬ್ಬರಿದ್ದರು. ದೇವಸ್ಥಾನದ ಪೂಜೆ ಮುಗಿಸಿ, ಗಂಧ ಆರುವ ಮೊದಲೇ ತರಗತಿಗೆ ಬರುವವರು. ಒಮ್ಮೆ ಈ ಶಬ್ದದ ಮೇಲೆ ನನ್ನ ಸಿಟ್ಟು ಕಂಡು ಅವರು ವೈಶೇಷಿಕರೆಂಬ ತಾರ್ಕಿಕರ ವಿಷಯ ಹೇಳಿದರು. ಆ ತಾರ್ಕಿಕರ ಹೆಸರೇ ವಿಶೇಷದಿಂದ ಬಂದದ್ದಂತೆ. ಒಂದು ಪರಮಾಣುವನ್ನು ಇನ್ನೊಂದು ಪರಮಾಣುವಿನಿಂದ ಬೇರೆ ಮಾಡಿ ತೋರಿಸುವ ಗುಟ್ಟಿಗೆ ಅವರು ವಿಶೇಷ ಎನ್ನುತ್ತಾರಂತೆ. ಅಷ್ಟೇ ಅಲ್ಲ, ಇಲ್ಲದಿರುವುದನ್ನೂ ಆ ಪಂಥದವರು ಅಭಾವವೆಂದು ಒಂದು ಪದಾರ್ಥವಾಗಿಯೇ ಎಣಿಸುತ್ತಾರಂತೆ. ಕೇಳಿ ನನಗೆ ಬಹಳ ಸಮಾಧಾನವಾಯಿತು. ಹಾಗಾದರೆ ನನ್ನ ಮನೆಯಲ್ಲಿ ವಿಶೇಷ ಇಲ್ಲದಿರುವುದೂ ಒಂದು ಪದಾರ್ಥವಾಯಿತಲ್ಲ ಪಂಡಿತರೇ ಎಂದೆ. ಅವರು ನಕ್ಕು, ಅಭ್ಯಾಸಬಲದಿಂದ ಅಷ್ಟಪುತ್ರವತಿಯಾಗು ಎಂದು ಹರಸಿ ಗಂಟೆ ಹೊಡೆಯಲು ಹೋದರು. ಅವರಿಗೇ ಮನೆಯಲ್ಲಿ ಏಳು ಮಕ್ಕಳು. ನನ್ನ ಹೆಸರು ಬೇರೆ ದೇವಕಿ. ಎಂಟು ಹೆತ್ತವಳ ಹೆಸರಿಟ್ಟುಕೊಂಡು ಒಂದಕ್ಕೇ ನಿಲ್ಲಿಸಿದವಳು ನಾನು.

ನಿಲ್ಲಿಸಿದವಳು ಎಂದು ಈಗ ಸಲೀಸಾಗಿ ಬರೆಯುತ್ತೇನೆ. ಆಗ ಬಾಯಿ ಬರುತ್ತಿರಲಿಲ್ಲ. ಕೊಡಗು ಇನ್ನೂ ತನ್ನದೇ ರಾಜ್ಯವಾಗಿದ್ದ ಕಾಲ ಅದು. ಮಡಿಕೇರಿಯೇ ರಾಜಧಾನಿ. ಇಡೀ ಮಂತ್ರಿಮಂಡಲ ಜೀಪಿನಲ್ಲಿ ಕೂತರೂ ಹಿಂದಿನ ಸೀಟು ಖಾಲಿ ಉಳಿಯುತ್ತಿತ್ತು. ಇಷ್ಟು ಪುಟ್ಟ ರಾಜ್ಯ ಯಾಕೆ, ಮೈಸೂರಿಗೆ ಸೇರಿಸಿ ಎಂದು ಕೆಲವರು, ಪುಟ್ಟದಾದರೂ ನಮ್ಮದು ನಮಗೆ ಸಾಕು ಎಂದು ಕೆಲವರು ದಿನಾ ವಾದ ಮಾಡುತ್ತಿದ್ದರು. ರಾಜ್ಯ ಚಿಕ್ಕದಾದರೇನಂತೆ ಎಂದು ಗಂಟಲು ಹರಿದುಕೊಳ್ಳುತ್ತಿದ್ದ ಅದೇ ಜನ ಸಂಸಾರದ ಮಾತು ಬಂದಾಗ ಮಾತ್ರ ಪಕ್ಷ ಬದಲಿಸುತ್ತಿದ್ದರು. ಒಂದು ಕಣ್ಣು ಕಣ್ಣಲ್ಲ, ಒಬ್ಬ ಮಗ ಮಗನಲ್ಲ ಎಂಬ ಗಾದೆ ಹೇಳುತ್ತಿದ್ದರು. ನನಗಿದ್ದದ್ದು ಒಬ್ಬ ಮಗನೂ ಅಲ್ಲ, ಒಬ್ಬಳು ಮಗಳು. ಗಾದೆಯ ಲೆಕ್ಕದಲ್ಲಿ ನಾನು ಪೂರಾ ಕುರುಡಿ.

ನಮ್ಮವರು ಚೆಟ್ಟಳ್ಳಿಯ ಆಚೆ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ರೈಟರ್ ಎಂದರೆ ಕಥೆ ಬರೆಯುವವರಲ್ಲ, ಆಳುಗಳ ಹಾಜರಿ ಬರೆಯುವವರು. ನಾನು ಮಡಿಕೇರಿಯ ಹುಡುಗಿಯರ ಶಾಲೆಯಲ್ಲಿ ಟ್ರೈನಿಂಗ್ ಆಗದ ಟೀಚರು. ಮಗಳು ಕಮಲೆ ನನ್ನ ಜೊತೆ ಬಾಡಿಗೆ ಮನೆಯಲ್ಲಿ, ಅವರು ಶನಿವಾರಕ್ಕೊಮ್ಮೆ ಬಂದು ಹೋಗುವುದು. ಕಮಲೆ ಹುಟ್ಟುವಾಗ ಮೂರು ದಿನ ಸಾವಿನ ಬಾಗಿಲು ತಟ್ಟಿ ಬಂದಿದ್ದೆ. ಎರಡನೆಯದು ಎಂಟು ತಿಂಗಳಿಗೇ ಬಂತು, ಉಸಿರಾಡಲಿಲ್ಲ. ಇನ್ನೊಂದು ಸಲ ಬಂದರೆ ಇಬ್ಬರಲ್ಲಿ ಒಬ್ಬರನ್ನು ಮಾತ್ರ ಮನೆಗೆ ಕಳಿಸಲಾದೀತು ಎಂದು ಡಾಕ್ಟರಮ್ಮ ಬಿಚ್ಚಿ ಹೇಳಿದರು. ನಮ್ಮವರು ಹಾಸಿಗೆಯ ಹತ್ತಿರ ಕೂತು ಕಿತ್ತಳೆ ಸುಲಿಯುತ್ತಿದ್ದರು. ಒಂದೊಂದು ತೊಳೆಯ ಬಿಳಿ ನಾರನ್ನೂ ಬಿಡದೆ ತೆಗೆದರು. ಆಮೇಲೆ ತಲೆ ಎತ್ತದೆ ಹೇಳಿದರು: "ಸಾಕ್ ದೇವಕಿ. ನಂಗೆ ನೀ ಬೇಕ್."

ಇನ್ನೊಂದು ಸತ್ಯವನ್ನೂ ಹೇಳಿಬಿಡುತ್ತೇನೆ. ಡಾಕ್ಟರಮ್ಮ ಹೆದರಿಸದಿದ್ದರೂ ನಾನು ಸಾಕು ಎನ್ನುತ್ತಿದ್ದೆನೋ ಏನೋ. ನನಗೆ ಪಾಠ ಹೇಳುವುದೆಂದರೆ ಜೀವ. ನಲವತ್ತು ಹುಡುಗಿಯರು ಒಟ್ಟಿಗೆ ಮಗ್ಗಿ ಹೇಳುವಾಗ ಆಗುವ ಖುಷಿ ನನಗೆ ತೊಟ್ಟಿಲು ತೂಗುವಾಗ ಆಗಲಿಲ್ಲ. ಹೀಗೆ ಹೇಳಬಾರದು ಎಂದು ಗೊತ್ತು. ಅದಕ್ಕೇ ಆಗ ಹೇಳಲಿಲ್ಲ.

ಯಾರಿಗೂ ಹೇಳಲಿಲ್ಲ. ಆಗಿನ್ನೂ ಬಸ್ಸಿನ ಬೆನ್ನಿಗೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬಂದಿರಲಿಲ್ಲ. ಉಪಾಯ ಏನು ಮಾಡಿದಿರಿ ಎಂದು ನೀವೂ ಕೇಳಬೇಡಿ, ಮಡಿಕೇರಿಗೂ ಎಸ್ಟೇಟಿಗೂ ಇರುವ ದೂರ ಅರ್ಧ ಉಪಾಯ. ಯಾರಾದರೂ ಕೇಳಿದರೆ ದೇವರು ಕೊಡಬೇಕಲ್ಲ ಎಂದು ನಿಟ್ಟುಸಿರು ಬಿಡುವುದನ್ನು ಕಲಿತೆ. ಚೆನ್ನಾಗಿಯೇ ಕಲಿತೆ. ಹುಟ್ಟಿಸಿದ ದೇವರು ಹುಲ್ಲು ಮೇಯಿಸುತ್ತಾನಾ ಎಂದು ಅವರು ಧೈರ್ಯ ತುಂಬುತ್ತಿದ್ದರು. ಹುಲ್ಲು ಮೇಯಿಸುವುದಿಲ್ಲ ಸರಿ, ಆದರೆ ಬೆಳಗ್ಗೆ ಎದ್ದು ಗಂಜಿ ಕಾಯಿಸುವುದಕ್ಕೂ ಅವನು ಬರುವುದಿಲ್ಲ ಎಂದು ಬಾಯಿ ತುದಿಗೆ ಬಂದದ್ದನ್ನು ನುಂಗುತ್ತಿದ್ದೆ. ನಾಲ್ಕು ವರ್ಷ ತಪ್ಪನ್ನೆಲ್ಲ ದೇವರ ಮೇಲೆ ಹಾಕಿ ನಾವಿಬ್ಬರೂ ಹಾಯಾಗಿದ್ದೆವು.

ಹೀಗಿರುವಾಗ ಒಂದು ಶುಕ್ರವಾರ ಹೆಡ್‌ಮಿಸ್ಟ್ರೆಸ್ ನನ್ನನ್ನು ಕರೆದು, ಮೈಸೂರಿನಲ್ಲಿ ಒಂದು ವರ್ಷದ ಟ್ರೈನಿಂಗಿಗೆ ನನ್ನ ಹೆಸರು ಹಾಕಿದ್ದಾರೆಂದೂ, ಆರ್ಡರ್ ಕೈಗೆ ಬರುವವರೆಗೆ ಯಾರ ಹತ್ತಿರವೂ ಬಾಯಿ ಬಿಡಬಾರದೆಂದೂ ಹೇಳಿದರು. ಟ್ರೈನಿಂಗ್ ಆದರೆ ನನ್ನ ಕೆಲಸ ಕಾಯಂ. ಆದರೆ ಆ ಒಂದು ವರ್ಷ ಆರು ವರ್ಷದ ಕಮಲೆಯನ್ನು ಯಾರು ನೋಡಿಕೊಳ್ಳುವುದು? ಅತ್ತೆಯನ್ನು ಕೇಳಬೇಕು. ಕೇಳಲು ಮುಖ ಇಲ್ಲ. ಅಂದು ಸಂತೆ ದಿನ, ನಮ್ಮವರು ಎಸ್ಟೇಟಿನ ಸಾಮಾನಿಗೆ ಜೀಪಿನಲ್ಲಿ ಬಂದಿದ್ದರು. ಶಾಲೆಯ ಗೇಟಿನಲ್ಲಿ ಅವರ ಕಿವಿಯಲ್ಲಿ ಸುದ್ದಿ ಹೇಳಿ, ಯಾರಿಗೂ ಹೇಳಬೇಡಿ ಎಂದೆ. ಅವರು ಸುಳ್ಳು ಹೇಳುವವರಲ್ಲ. ಹೇಳಬಾರದು ಎಂದರೆ ಹೇಳುವವರೂ ಅಲ್ಲ. ತೊಂದರೆ ಆದದ್ದೇ ಅದರಿಂದ.

ಸಂತೆಯಲ್ಲಿ ಅವರಿಗೆ ಸೋದರಮಾವ ಸಿಕ್ಕಿದರು. ಸಿಕ್ಕಿದವರು ಏನು ಕೇಳಿದರು ಎಂದು ಹೇಳಬೇಕಾಗಿಲ್ಲ. ನಮ್ಮವರ ಮುಖ ಅರಳಿದೆ, ಬಾಯಿ ಕಟ್ಟಿದೆ. ನಮ್ಮ ಅರೆಭಾಷೆ ಮೊದಲೇ ಅರ್ಧ ಹೇಳಿ ಅರ್ಧ ನುಂಗುವ ಭಾಷೆ. ಅವರು ಹೇಳಿದ್ದು ಇಷ್ಟೇ: "ವಿಶೇಷ ಉಟ್ಟು ಮಾವ. ಈಗ ಹೇಳುವ ಹಂಗೆ ಇಲ್ಲೆ."

ಮೂರು ತಿಂಗಳು ತುಂಬುವವರೆಗೆ ಬಸುರಿಯ ಸುದ್ದಿ ಹೇಳಬಾರದು ಎಂಬ ಪದ್ಧತಿ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ವಿಶೇಷ ಉಂಟು, ಈಗ ಹೇಳುವ ಹಾಗಿಲ್ಲ ಎಂದರೆ ಸಾರಿ ಸಾರಿ ಹೇಳಿದ ಹಾಗೆಯೇ. ಸೋದರಮಾವ ಸಂತೆಯ ಒಣಮೀನಿನ ಜೊತೆ ಆ ಸುದ್ದಿಯನ್ನೂ ಕಟ್ಟಿಕೊಂಡು ಭಾಗಮಂಡಲದ ಬಸ್ಸು ಹತ್ತಿದರು. ಭಾನುವಾರ ಅದು ನಮ್ಮವರ ಊರು ಮುಟ್ಟಿತು. ಸೋಮವಾರ ನಾನು ಶಾಲೆಯಿಂದ ಬರುವಾಗ ಅತ್ತೆ ಜಗಲಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ತುಪ್ಪದ ಭರಣಿ, ಕಾಡುಮಾವಿನ ಉಪ್ಪಿನಕಾಯಿ, ಕಾಲು ಕಟ್ಟಿದ ಒಂದು ನಾಟಿ ಕೋಳಿ.

ನನ್ನನ್ನು ನೋಡಿ ಅವರು ಎದ್ದು, ಕೈಯಲ್ಲಿದ್ದ ಪುಸ್ತಕದ ಚೀಲ ಕಸಿದುಕೊಂಡರು. ಇನ್ನು ಭಾರ ಎತ್ತಬಾರದಂತೆ. ನಾನು ಬಾಯಿ ತೆರೆಯುವ ಮೊದಲೇ ಒಲೆಯ ಮುಂದೆ ಕೂತು ಎರಡು ಲೋಟ ಕಾಫಿ ಮಾಡಿದರು. ಒಂದು ನನಗೆ, ಒಂದು ಅವರಿಗೆ. ನಾನು ಆಶ್ಚರ್ಯದಿಂದ ನೋಡಿದೆ, ಯಾಕೆಂದರೆ ಅತ್ತೆ ಕಾಫಿ ಕುಡಿಯುವುದನ್ನು ನಾನು ಮರೆತೇ ಬಿಟ್ಟಿದ್ದೆ. ಪಿತ್ತ ಎಂದು ಬೆಲ್ಲದ ಬಿಸಿನೀರು ಕುಡಿಯುತ್ತಿದ್ದರು. ನಾನೂ ಪಿತ್ತ ಎಂದೇ ನಂಬಿದ್ದೆ. ಅವರು ಲೋಟವನ್ನು ಮೂಗಿನ ಹತ್ತಿರ ಹಿಡಿದು ಪರಿಮಳ ಎಳೆದುಕೊಂಡರು. ಒಂದು ಗುಟುಕು ಕುಡಿದರು. ನಮಗೆ ಇನ್ನೊಂದು ಮಗು ಆಗುವವರೆಗೆ ಕಾಫಿ ಮುಟ್ಟುವುದಿಲ್ಲ ಎಂದು ನಾಲ್ಕು ವರ್ಷದ ಹಿಂದೆ ಹರಕೆ ಹೊತ್ತದ್ದನ್ನು ಆಗ ಹೇಳಿದರು. ಹೇಳುತ್ತಾ ನಕ್ಕರು, ಕಣ್ಣು ಒರೆಸಿಕೊಂಡರು.

ಮನೆಯ ಹಿತ್ತಿಲಲ್ಲಿ ಕಾಫಿ ಬೆಳೆಯುವವರು. ಬೀಜ ಹುರಿಯುವುದು, ಕುಟ್ಟುವುದು, ಊರಿಗೆಲ್ಲ ಕಾಯಿಸಿ ಕೊಡುವುದು ಅವರದೇ ಕೈ. ಅಂಥವರು ನಾಲ್ಕು ವರ್ಷ ಬಿಸಿನೀರು ಕುಡಿದಿದ್ದರು, ನಾನು ನಿಟ್ಟುಸಿರು ಬಿಡುವುದನ್ನು ಚೆನ್ನಾಗಿ ಕಲಿತದ್ದಕ್ಕೆ. ನನ್ನ ಜನ್ಮದಲ್ಲಿ ಅಷ್ಟು ನಾಚಿಕೆ ನನಗೆ ಎಂದೂ ಆಗಿಲ್ಲ.

ವಿಶೇಷ ಎಂದದ್ದು ಟ್ರೈನಿಂಗಿನ ವಿಷಯ, ಮಗುವಿನದಲ್ಲ ಎಂದು ಹೇಗೋ ಹೇಳಿದೆ. ಅತ್ತೆಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಬೈಯಲಿಲ್ಲ. ಲೋಟವನ್ನು ಮೆಲ್ಲಗೆ ನೆಲದ ಮೇಲೆ ದೂಡಿ, ಆಗಲಿ, ಹಾಗಾದರೆ ಹರಕೆ ಇನ್ನೂ ಇದೆ, ದೇವರು ಕಣ್ಣು ಬಿಡುವವರೆಗೆ ಕಾಯುವ ಎಂದರು. ಎದ್ದು ಬಿಸಿನೀರಿಗೆ ಪಾತ್ರೆ ಹುಡುಕತೊಡಗಿದರು.

ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಇನ್ನೂ ನಾಲ್ಕು ವರ್ಷ, ಹತ್ತು ವರ್ಷ ಅವರು ಹಾಗೇ ಕಾಯುತ್ತಿದ್ದರು, ದೇವರೂ ಬೈಸಿಕೊಂಡು ಇರುತ್ತಿದ್ದ. ಕಮಲೆಯನ್ನು ಅವರ ಹತ್ತಿರ ಬಿಡುವ ಆಸೆಯೂ ನನಗೆ ಉಳಿಯುತ್ತಿತ್ತು. ಹೇಳಿದರೆ ಅದಕ್ಕೆ ಎಳ್ಳುನೀರು. ಆದರೆ ಆ ಪಾತ್ರೆಯ ಸದ್ದು ಕೇಳಿದ ಮೇಲೆ ಸುಮ್ಮನಿರಲು ನನ್ನಿಂದ ಆಗಲಿಲ್ಲ. ಎದ್ದು ಹೋಗಿ ಪಾತ್ರೆಯನ್ನು ಕೈಯಿಂದ ತೆಗೆದುಕೊಂಡು ಹೇಳಿದೆ: "ಬೇಡ ಹೇಳ್ದ್ ದೇವರ್ ಅಲ್ಲ ಅತ್ತೆ. ನಾವು."

ಮಗನಿಗೆ ಗೊತ್ತಿದೆಯೇ ಎಂದು ಕೇಳಿದರು. ಇಬ್ಬರೂ ಸೇರಿಯೇ ತೀರ್ಮಾನಿಸಿದ್ದು ಎಂದೆ. ಡಾಕ್ಟರಮ್ಮ ಹೇಳಿದ್ದನ್ನು ಹೇಳಿದೆ. ನನ್ನ ಶಾಲೆಯ ಆಸೆಯನ್ನೂ ಬಚ್ಚಿಡದೆ ಹೇಳಿದೆ. ಅವರು ಗೋಡೆಗೆ ಒರಗಿ ಕೂತು ಕೋಳಿಯ ಕಾಲಿನ ಕಟ್ಟು ಸಡಿಲಿಸತೊಡಗಿದರು. ಅತ್ತೆ ಒಂಬತ್ತು ಹೆತ್ತವರು, ಉಳಿದದ್ದು ನಾಲ್ಕು. ಕೊನೆಗೆ ನನ್ನ ಕಡೆ ತಿರುಗದೆಯೇ ಹೇಳಿದರು: "ನಂಗೆ ಒಂಬತ್ತ್ ಆತ್. ಬೇಕಾ ಹೇಳಿ ಒಬ್ಬರೂ ಕೇಳ್ಲೆ."

ಬೇಕೇ ಎಂದು ತಮ್ಮನ್ನು ಒಬ್ಬರೂ ಕೇಳಲಿಲ್ಲ ಎಂದ ಆ ಮಾತು ಬೈಗುಳವೋ, ದುಃಖವೋ, ನನ್ನ ಮೇಲಿನ ಹೊಟ್ಟೆಕಿಚ್ಚೋ ನನಗೆ ಗೊತ್ತಾಗಲಿಲ್ಲ. ಮೂರೂ ಇದ್ದಿರಬೇಕು. ಮಾರನೆ ದಿನ ಮೊದಲ ಬಸ್ಸಿಗೆ ಹೊರಟರು. ತುಪ್ಪ, ಉಪ್ಪಿನಕಾಯಿ ಬಿಟ್ಟು ಹೋದರು. ಕೋಳಿಯನ್ನು ಮಾತ್ರ ವಾಪಸು ಕೊಂಡುಹೋದರು. ಬಸುರಿ ಇಲ್ಲದ ಮನೆಗೆ ಅದು ಯಾಕೆ.

ಒಮ್ಮೆ ನಿಜ ಹೇಳಿದ ಬಾಯಿಗೆ ಎರಡನೆಯ ಸಲ ಕಷ್ಟವಾಗುವುದಿಲ್ಲ. ನಾನು ಬಸುರಿ ಎಂಬ ಸುದ್ದಿ ಶಾಲೆಗೂ ಮುಟ್ಟಿತ್ತು. ಹೆಡ್‌ಮಿಸ್ಟ್ರೆಸ್ ನನ್ನನ್ನು ಕರೆದು, ಇಂಥ ಸ್ಥಿತಿಯಲ್ಲಿ ಟ್ರೈನಿಂಗ್ ಹೇಗೆ, ಬೇರೆ ಹೆಸರು ಬರೆಯುತ್ತೇನೆ ಎಂದು ಬಹಳ ಮರ್ಯಾದೆಯಿಂದ ಹೇಳಿದರು. ಅಂಥ ಸ್ಥಿತಿ ಇಲ್ಲ, ಇನ್ನು ಬರುವುದೂ ಇಲ್ಲ, ನಾವು ಒಂದೇ ಸಾಕೆಂದು ನಿಶ್ಚಯಿಸಿದ್ದೇವೆ, ನನ್ನ ಹೆಸರು ಅಲ್ಲೇ ಇರಲಿ ಎಂದೆ. ಅವರು ಕನ್ನಡಕದ ಮೇಲಿಂದ ನೋಡಿದರು. ಪಕ್ಕದಲ್ಲಿದ್ದ ಪಂಡಿತರು ಕಿಟಕಿಯ ಹೊರಗೆ ನೋಡಿದರು. ಹೆಸರು ಅಲ್ಲೇ ಉಳಿಯಿತು.

ಕಮಲೆಯನ್ನು ನನ್ನ ಅಕ್ಕನ ಮನೆಯಲ್ಲಿ ಬಿಡುವುದೆಂದು ಗಟ್ಟಿ ಮಾಡಿಕೊಂಡೆ. ಅಲ್ಲೂ ಆಗದಿದ್ದರೆ ಕರೆದುಕೊಂಡೇ ಹೋಗುವುದು, ಏನಾದರೂ ಆಗಲಿ, ಹೋಗುವುದು ಹೋಗುವುದೇ. ಹೊರಡಲು ಹತ್ತು ದಿನ ಇರುವಾಗ ನಮ್ಮವರು ಊರಿಗೆ ಹೋಗಿ ಬಂದರು. ಅವ್ವ ಸರಿಯಾಗಿ ಬೈದರೆಂದು ಹೇಳಿದರು. ಮಗುವಿನ ವಿಷಯಕ್ಕಲ್ಲ, ನಾಲ್ಕು ವರ್ಷ ಬಾಯಿ ಮುಚ್ಚಿಕೊಂಡು ಕೂತದ್ದಕ್ಕೆ. ಬೈದು ಮುಗಿದ ಮೇಲೆ ನನಗೊಂದು ಮಾತು ಹೇಳಿ ಕಳಿಸಿದ್ದರು, ಗೂಡೆಯನ್ನು ಇಲ್ಲಿ ಬಿಟ್ಟು ಹೋಗಿ ಓದಿ ಬರಲಿ ಎಂದು. ಗೂಡೆ ಎಂದರೆ ನಮ್ಮಲ್ಲಿ ಹುಡುಗಿ. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಆ ವರ್ಷ ಹುತ್ತರಿ ಹಬ್ಬಕ್ಕೆ ಮೈಸೂರಿನಿಂದ ಊರಿಗೆ ಬಂದಾಗ ಕಮಲೆ ಅಜ್ಜಿಯ ಮಡಿಲಲ್ಲಿ ಕೂತು ತಂಬಿಟ್ಟು ತಿನ್ನುತ್ತಿದ್ದಳು. ನೆಂಟರ ಹೆಂಗಸೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಪಾಪ, ಇಷ್ಟೆಲ್ಲ ಓದಿದರೂ ದೇವರು ಒಂದಕ್ಕಿಂತ ಹೆಚ್ಚು ಕೊಡಲಿಲ್ಲವಲ್ಲ ಎಂದು ನಾಲಗೆ ಲೊಚಗುಟ್ಟಿದರು. ನಾನು ಉತ್ತರ ಹೇಳಲು ಸೆರಗು ಬಿಗಿದು ಎದ್ದೆ. ಅಷ್ಟರಲ್ಲಿ ಅತ್ತೆ ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟರು.

"ದೇವರ್ ಕೊಡಿಕೆ ತಯಾರಿತ್ತ್," ಎಂದರು. "ಸಾಕ್ ಹೇಳ್ದ್ ಇವು. ದೇವರ ಮೇಲೆ ಸುಮ್ನೆ ಎಂತಕೆ ತಪ್ಪು ಹಾಕುದು?"

ಹಾಗೆಂದು ಲೋಟ ಎತ್ತಿಕೊಂಡು ಉಳಿದ ಕಾಫಿಯನ್ನು ಕುಡಿದರು.