ನನ್ನ ಸಿಪಾಯಿಯ ಮುರಿದ ಕಾಲು

ನಾನು ಕಂಪ್ಯೂಟರ್ ರಿಪೇರಿ ಕೆಲಸಕ್ಕೆ ಗುಬ್ಬಿ, ಕುಣಿಗಲ್ ಅಂತ ಅಲೆಯುತ್ತಿದ್ದ ಕಾಲ. ಭಾನುವಾರ ಬಂದರೆ ಉಪ್ಪಾರಹಳ್ಳಿಯ ಸಲೀಮನ ಮನೆಯಲ್ಲಿ ನಾಲ್ವರು ಗೆಳೆಯರು ಸೇರುತ್ತಿದ್ದೆವು. ದಾಳ ಉರುಳಿಸಿ ಬಾಯಲ್ಲೇ ಕಥೆ ಕಟ್ಟುವ ಆಟ. ನಮಗೆ ಮೂವರಿಗೂ ಒಂದೊಂದು ಪಾತ್ರ, ಆಟ ನಡೆಸುವವನು ಸಲೀಮ. ಯಾರಿಗೆ ಗಾಯವಾದರೆ ಏನು ಅನ್ನುವುದೆಲ್ಲ ಅವನ ದಪ್ಪ ಪುಸ್ತಕದಲ್ಲಿತ್ತು.

ಒಮ್ಮೆ ನನ್ನ ಸಿಪಾಯಿ ಕೋಟೆ ಗೋಡೆಯಿಂದ ಬಿದ್ದ.

"ಕಾಲು ಮುರೀತು. ಒಂದು ರಾತ್ರಿ ಮಲಗಿದ್ರೆ ಸರಿಹೋಗುತ್ತೆ," ಅಂದ ಸಲೀಮ.

ಟೀ ತಂದ ಅವನ ಅಮ್ಮಿ ಅಲ್ಲೇ ನಿಂತರು. "ಮುರಿದ ಕಾಲು ಒಂದು ರಾತ್ರೀಲಿ ಕೂಡ್ಕೊಳತ್ತೇನೋ? ತಿಂಗಳು ಅಲ್ಲಾಡಬಾರ್ದು."

"ಪುಸ್ತಕದಲ್ಲಿ ಹಂಗೇ ಇದೆ ಅಮ್ಮಿ."

"ಬರೆದವನು ಯಾವತ್ತೂ ಕಾಲು ಮುರ್ಕೊಂಡಿಲ್ಲ ಬಿಡು."

ಸಲೀಮ ಒಪ್ಪಿದ. ನನ್ನ ಸಿಪಾಯಿ ಮಂಚ ಹಿಡಿದ. ಉಳಿದಿಬ್ಬರು ನಿಧಿ ಹುಡುಕುತ್ತಾ ಹೋದರೆ ನಾನು ಸುಮ್ಮನೆ ಕೂತು ನೋಡಬೇಕಾಯಿತು.

ಮುಂದಿನ ಭಾನುವಾರ ಅಮ್ಮಿ ನನ್ನೊಬ್ಬನ ಮುಂದೆ ಬಿಸಿಬಿಸಿ ಕಾಲು ಸೂಪ್ ಇಟ್ಟರು. "ಕುಡಿ ಬೇಟಾ, ಮೂಳೆ ಬೇಗ ಸೇರತ್ತೆ." ಮೆಣಸಿನ ಘಮ ಕೋಣೆಯೆಲ್ಲ ತುಂಬಿತು. ಮಿಕ್ಕವರಿಗೆ ಬರೀ ಬಿಸ್ಕತ್ತು.

ಆಟದಲ್ಲಿ ಉಳಿದಿಬ್ಬರೂ ನಿಧಿ ಬಿಟ್ಟು ವಾಪಸ್ ಬಂದು, ಅದೇ ಕೋಟೆ ಗೋಡೆ ಹತ್ತಿ ಹಾರಿದರು. ಪಾಪ, ಸಲೀಮನದೇ ಫಜೀತಿ. ಆಟ ನಡೆಸುವವನಿಗೆ ಪಾತ್ರವೂ ಇಲ್ಲ, ಮುರಿದುಕೊಳ್ಳೋಕೆ ಕಾಲೂ ಇಲ್ಲ.