ಫಿಲ್ಟರಿನ ಪೈಪು ಮತ್ತು ಗಂಡಿನ ಕಡೆಯವರು

ನಮ್ಮಪ್ಪನಿಗೆ ಯಾರಿಗೂ ಇಲ್ಲ ಎಂದು ಹೇಳಿ ಅಭ್ಯಾಸವಿರಲಿಲ್ಲ. ಬ್ಯಾಂಕಿನಲ್ಲಿ ಮ್ಯಾನೇಜರು ಹೇಳಿದ್ದಕ್ಕೆಲ್ಲ ಹೂಂ, ಮನೆಯಲ್ಲಿ ಅಮ್ಮ ಹೇಳಿದ್ದಕ್ಕೆಲ್ಲ ಹೂಂ, ಸೊಪ್ಪಿನವಳು ಬಾಡಿದ ಕಟ್ಟನ್ನು ಕೈಗಿಟ್ಟರೂ ಹೂಂ. ವಾರವಿಡೀ ನುಂಗಿಕೊಂಡದ್ದನ್ನೆಲ್ಲ ಭಾನುವಾರ ಒಂದು ಇಂಜಿನ್ನಿನ ಮೇಲೆ ತೀರಿಸಿಕೊಳ್ಳುತ್ತಿದ್ದರು.

ಬಸವನಗುಡಿಯ ನಮ್ಮ ಮನೆಯ ಪೋರ್ಟಿಕೋದಲ್ಲಿ ಕಾಯಮ್ಮಾಗಿ ನೆಲೆಸಿದ್ದ ಹಳೆಯ ಅಮೆರಿಕನ್ ಕಾರಿನ ಇಂಜಿನ್ ಅದು. ತೊಂಬತ್ತರ ದಶಕದ ಆರಂಭದಲ್ಲಿ ಯಾವುದೋ ಎಸ್ಟೇಟಿನ ಹರಾಜಿನಲ್ಲಿ ಕೊಂಡು ಲಾರಿಯ ಮೇಲೆ ಹೇರಿಸಿಕೊಂಡು ಬಂದಿದ್ದರು. ಅದು ಸುಮ್ಮನೆ ಹಳೆಯ ಕಾರಾಗಿ ಉಳಿದಿದ್ದರೆ ಬೀದಿಯಲ್ಲಿ ನಮಗೂ ಒಂದಿಷ್ಟು ಮರ್ಯಾದೆ ಇರುತ್ತಿತ್ತೇನೋ. ಆದರೆ ಅಪ್ಪ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಅಮೆರಿಕದ ಹಳೆಯ ಪತ್ರಿಕೆಯೊಂದನ್ನು ಕೊಂಡು ತಂದರು. ಅದರ ತುಂಬ ಹಾಟ್ ರಾಡ್ ಎಂಬ ಕಾರುಗಳ ಚಿತ್ರ. ಹಳೆಯ ಕಾರಿನ ಮಡ್‌ಗಾರ್ಡು, ಬಾನೆಟ್ಟುಗಳನ್ನೆಲ್ಲ ಕಿತ್ತು, ಇಂಜಿನ್ನನ್ನು ಊರಿಗೆಲ್ಲ ಕಾಣುವಂತೆ ಬಿಟ್ಟು, ಅದರ ಬಲ ಹೆಚ್ಚಿಸಿ ಓಡಿಸುವುದು ಅಲ್ಲಿನ ಹುಡುಗರ ಶೋಕಿಯಂತೆ. ಐವತ್ತು ದಾಟಿದ ನಮ್ಮಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಅದೇ ಶೋಕಿಗೆ ಇಳಿದರು. ಎದುರು ಮನೆಯ ನಿವೃತ್ತ ಮೇಷ್ಟ್ರು ವಾಕಿಂಗ್ ಮುಗಿಸಿ ಬರುವಾಗ ನಮ್ಮ ಗೇಟಿನ ಬಳಿ ನಿಂತು, ಇದಕ್ಕೆ ಯಾವಾಗ ಬಟ್ಟೆ ಹಾಕಿಸುತ್ತೀರಿ ಎಂದು ಕೇಳುತ್ತಿದ್ದರು. ಅಪ್ಪ ಅದಕ್ಕೂ ಹೂಂ ಎನ್ನುತ್ತಿದ್ದರು.

ನಾನು ಒಬ್ಬಳೇ ಮಗಳು. ವಾರವೆಲ್ಲ ಚಾಮರಾಜಪೇಟೆಯ ಶಾಲೆಯೊಂದರಲ್ಲಿ ಪಾಠ ಹೇಳುವುದು, ಭಾನುವಾರ ಅಪ್ಪನಿಗೆ ಸ್ಪ್ಯಾನರ್ ಎತ್ತಿಕೊಡುವುದು ನನ್ನ ಕೆಲಸ. ಮೊದಲನೆಯದನ್ನು ಅಮ್ಮ ನನ್ನ ಬಯೋಡೇಟಾದಲ್ಲಿ ಬರೆಸಿದ್ದರು. ಎರಡನೆಯದು ಗಂಡಿನ ಕಡೆಯವರ ಕಿವಿಗೆ ಬೀಳದಂತೆ ನೋಡಿಕೊಳ್ಳುತ್ತಿದ್ದರು. ಹುಡುಗಿಗೆ ಸಣ್ಣದೊಂದು ಕಾಯಿಲೆ ಇದ್ದಿದ್ದರೆ ಅಮ್ಮ ಇಷ್ಟು ಜೋಪಾನವಾಗಿ ಮುಚ್ಚಿಡುತ್ತಿದ್ದರೋ ಇಲ್ಲವೋ.

ಆ ಕಾಲದ ಇಂಜಿನ್ನಿಗೆ ಆಯಿಲ್ ಫಿಲ್ಟರ್ ಇರಲಿಲ್ಲ. ತನ್ನ ಕೊಳೆಯನ್ನು ತಾನೇ ಕುಡಿದುಕೊಂಡು ಓಡುತ್ತಿತ್ತು. ಬಲ ಹೆಚ್ಚಿಸಿದ ಮೇಲೆ ಹಾಗೆ ಬಿಡುವಂತಿಲ್ಲ ಎಂದು ಅಪ್ಪ ಹೊರಗಿನಿಂದ ಒಂದು ಫಿಲ್ಟರ್ ಕೂರಿಸಲು ಹೊರಟರು. ಫಿಲ್ಟರನ್ನು ಜೆ.ಸಿ. ರಸ್ತೆಯಲ್ಲಿ ಕೊಂಡದ್ದಾಯಿತು, ಅದನ್ನು ಕೂರಿಸುವ ತಳವನ್ನು ಮಾವಳ್ಳಿಯ ಲೇತ್ ಅಂಗಡಿಯಲ್ಲಿ ಕಡೆಸಿದ್ದಾಯಿತು. ಒಂದು ಪೈಪು ಇಂಜಿನ್ನಿನಿಂದ ಕೊಳೆ ಎಣ್ಣೆಯನ್ನು ಫಿಲ್ಟರಿಗೆ ತರಬೇಕು, ಇನ್ನೊಂದು ಶುದ್ಧವಾದದ್ದನ್ನು ಬೇರಿಂಗುಗಳಿಗೆ ಒಯ್ಯಬೇಕು. ಫಿಲ್ಟರಿನ ಒಳಗಿರುವ ರಬ್ಬರ್ ಬಿಲ್ಲೆ ಎಣ್ಣೆಯನ್ನು ಒಂದೇ ದಿಕ್ಕಿಗೆ ಬಿಡುತ್ತದೆ. ಪೈಪುಗಳು ಅದಲುಬದಲಾದರೆ ಎಣ್ಣೆ ಅಲ್ಲೇ ನಿಂತು, ಬೇರಿಂಗುಗಳು ಒಣಗಿ, ಇಂಜಿನ್ ಅಲ್ಲಾಡದಂತೆ ಹಿಡಿದುಕೊಳ್ಳುತ್ತದೆ. ಆಮೇಲೆ ಅದನ್ನು ಗುಜರಿಗೆ ಹಾಕಬೇಕು ಅಷ್ಟೆ, ಯಾಕೆಂದರೆ ಆ ಬೇರಿಂಗು ಈ ದೇಶದಲ್ಲಿ ಸಿಗುತ್ತಿರಲಿಲ್ಲ. ಇಕ್ಕಟ್ಟಿನ ಜಾಗಕ್ಕೆ ಅಪ್ಪನ ಕೈ ಹೋಗದು. ಹಾಗಾಗಿ ಎರಡು ಪೈಪುಗಳನ್ನೂ ಜೋಡಿಸಿ ಬಿಗಿದವಳು ನಾನು.

ಶನಿವಾರ ಆ ಕೆಲಸ ಮುಗಿಯಿತು. ಭಾನುವಾರ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಸಂಬಂಧ ತಂದವರು ಅಮ್ಮನ ತಮ್ಮ, ನನ್ನ ಸೋದರಮಾವ. ಹುಡುಗ ದೊಡ್ಡ ಕಾರ್ಖಾನೆಯಲ್ಲಿ ಮೆಕ್ಯಾನಿಕಲ್ ಇಂಜಿನಿಯರ್. ಕಾರನ್ನು ಏನು ಮಾಡುವುದೆಂದು ಅಮ್ಮ ತಲೆ ಕೆಡಿಸಿಕೊಂಡು, ಕೊನೆಗೆ ಮದುವೆ ಮುಂಜಿಗೆ ಹಾಸುವ ದೊಡ್ಡ ಜಮಖಾನೆಯನ್ನು ಅದರ ಮೇಲೆ ಹೊದಿಸಿದರು. ಪೋರ್ಟಿಕೋದಲ್ಲಿ ಆನೆಯನ್ನು ಮಲಗಿಸಿ ಮುಚ್ಚಿಟ್ಟ ಹಾಗೆ ಕಾಣುತ್ತಿತ್ತು. ಬಂದವರು ಯಾರೂ ಏನೂ ಕೇಳುವುದಿಲ್ಲ ಎಂದು ಅಮ್ಮ ಅದು ಹೇಗೆ ನಂಬಿದ್ದರೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ನಾನು ರೇಷ್ಮೆ ಸೀರೆಯುಟ್ಟು, ಕೇಸರಿಬಾತಿನ ತಟ್ಟೆಗಳನ್ನು ಹಿಡಿದು, ಹೇಳಿಕೊಟ್ಟಷ್ಟು ನಿಧಾನವಾಗಿ ಹಾಲ್‌ಗೆ ಬಂದರೆ ಹಾಲ್ ಖಾಲಿ. ಹುಡುಗನ ತಾಯಿಯೊಬ್ಬರೇ ಕೂತಿದ್ದರು. ಅವರು ನನ್ನನ್ನು ನೆತ್ತಿಯಿಂದ ಪಾದದವರೆಗೆ ಅಳೆದು, ಹಾಡಲು ಬರುತ್ತದೆಯೇ ಎಂದರು. ಬರುವುದಿಲ್ಲ ಎಂದೆ. ಅಡುಗೆಮನೆಯಿಂದ ಅಮ್ಮ ಕೆಮ್ಮಿದರು. ಕಿಟಕಿಯಿಂದ ನೋಡಿದರೆ, ಹೆಣ್ಣು ನೋಡಲು ಬಂದ ಗಂಡು ಪೋರ್ಟಿಕೋದಲ್ಲಿ ಜಮಖಾನೆ ಸರಿಸಿ ಇಂಜಿನ್ ನೋಡುತ್ತಿದ್ದ. ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು, ಯಾವ ಗಂಡೂ ನನ್ನನ್ನು ನೋಡಿರಲಿಲ್ಲ.

ಆಮೇಲೆ ಅವನು ಅಪ್ಪನಿಗೆ ಹೇಳಿದ ಮಾತು ಕಿಟಕಿಯಿಂದ ಕೇಳಿಸಿತು.

"ಅಂಕಲ್, ಪೈಪ್ ಉಲ್ಟಾ ಕೊಟ್ಟಿದೀರಲ್ಲ. ಇದು ಬೇಸಿಕ್ಕು."

ಅವನು ಹೇಳಿದ್ದು ತಪ್ಪು. ನನಗೆ ಗೊತ್ತಿತ್ತು, ಅಪ್ಪನಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು. ಆದರೆ ಅಪ್ಪ ಹೆಣ್ಣು ಹೆತ್ತವರು, ಅವನು ಗಂಡು. ಗಂಡಿನ ಕಡೆಯವರು ಹಗಲನ್ನು ರಾತ್ರಿ ಎಂದರೆ ನಾವು ಎದ್ದು ದೀಪ ಹಾಕುವವರ ಪೈಕಿ. ಮಾವ ಬೇರೆ ಹಿಂದೆ ನಿಂತು ಕಣ್ಣಲ್ಲೇ ಅಪ್ಪನಿಗೆ ಸುಮ್ಮನಿರಲು ಹೇಳುತ್ತಿದ್ದರು. ಅಪ್ಪ, ಹೌದೇ, ಗೊತ್ತಾಗಲಿಲ್ಲ ನೋಡಿ, ಎಂದು ತಾವಾಗಿಯೇ ಸ್ಪ್ಯಾನರ್ ತೆಗೆದು ಅವನ ಕೈಗೆ ಕೊಟ್ಟರು. ಅವನು ಅಂಗಿಯ ತೋಳಿಗೆಲ್ಲ ಎಣ್ಣೆ ಮೆತ್ತಿಕೊಂಡು, ಕೈಗೆಟುಕುವ ಫಿಲ್ಟರಿನ ತುದಿಯಲ್ಲಿ ಪೈಪುಗಳನ್ನು ಅದಲುಬದಲು ಮಾಡಿದ. ಇಂಜಿನಿಯರ್ ಸಾಹೇಬರು ಸ್ಪ್ಯಾನರ್ ಹಿಡಿದಿದ್ದ ರೀತಿ ನೋಡಿದರೆ ಅದುವರೆಗೆ ಪೆನ್ಸಿಲನ್ನು ಬಿಟ್ಟು ಬೇರೇನನ್ನೂ ಹಿಡಿದಂತಿರಲಿಲ್ಲ. ಮಾಡಿ ಮುಗಿಸಿ, ಸ್ಟಾರ್ಟ್ ಮಾಡಿ ನೋಡೋಣ ಎಂದ.

ಅಪ್ಪ ಹೋಗಿ ಸ್ಟಿಯರಿಂಗ್ ಹಿಂದೆ ಕೂತರು. ಸ್ವಿಚ್ಚಿನ ಮೇಲೆ ಕೈಯಿಟ್ಟರು. ಅಷ್ಟು ವರ್ಷಗಳ ಭಾನುವಾರಗಳನ್ನು ನಗುನಗುತ್ತಾ ಗುಜರಿಗೆ ಹಾಕಲು ಅವರು ತಯಾರಾಗಿ ಕೂತಿದ್ದರು. ನಾನು ತಟ್ಟೆಗಳನ್ನು ಟೀಪಾಯಿಯ ಮೇಲೆ ಕುಕ್ಕಿ ಹೊರಗೆ ಹೋದೆ.

"ಅಪ್ಪ, ಸ್ಟಾರ್ಟ್ ಮಾಡ್ಬೇಡಿ. ಪೈಪ್ ಮೊದ್ಲು ಸರಿ ಇತ್ತು, ಈಗ ಉಲ್ಟಾ ಆಗಿದೆ."

ಹುಡುಗ ಆಗ ನನ್ನನ್ನು ನೋಡಿದ. "ನಿಮಗೆ ಹೇಗೆ ಗೊತ್ತು?"

"ಜೋಡ್ಸಿದ್ದು ನಾನೇ."

ಮಾವ ಆಕಾಶ ನೋಡಿದರು. ಅಪ್ಪ ಸ್ವಿಚ್ಚಿನಿಂದ ಕೈ ತೆಗೆದರು, ಆದರೆ ಯಾರು ಸರಿ, ಯಾರು ತಪ್ಪು ಎಂದು ಹೇಳಲಿಲ್ಲ. ಬಂದವರು ಕಾಫಿ ಕುಡಿದು, ತಿಳಿಸುತ್ತೇವೆ ಎಂದು ಹೇಳಿ ಹೋದರು. ಅಮ್ಮ ಉಳಿದ ಕೇಸರಿಬಾತನ್ನು ಡಬ್ಬಿಗೆ ತುಂಬುತ್ತಾ, ಹುಡುಗಿಯರಿಗೆ ಇಂಥ ಬಾಯಿ ಇರಬಾರದು ಎಂದು ಡಬ್ಬಿಗೇ ಹೇಳುತ್ತಿದ್ದರು.

ಆ ವಾರದಲ್ಲೇ ಮಾವ ಮುಖ ಅರಳಿಸಿಕೊಂಡು ಬಂದರು. ಹುಡುಗಿ ಒಪ್ಪಿಗೆಯಂತೆ. ಆದರೆ ಹುಡುಗನ ಮನಸ್ಸಿಗೆ ನೋವಾಗಿದೆಯಂತೆ. ಅವನ ತಂದೆಗೆ ಅಪ್ಪ ಒಂದು ಫೋನ್ ಮಾಡಿ, ನಿಮ್ಮ ಮಗ ಪೈಪು ಜೋಡಿಸಿದ್ದೇ ಸರಿಯಿತ್ತು ಎಂದು ಹೇಳಿದರೆ ಸಾಕು, ಮುಂದಿನ ಮುಹೂರ್ತಕ್ಕೇ ನಿಶ್ಚಿತಾರ್ಥ. ವರದಕ್ಷಿಣೆ ಕೇಳಿದವರನ್ನು ಕಂಡಿದ್ದೆ, ಸ್ಕೂಟರ್ ಕೇಳಿದವರನ್ನು ಕಂಡಿದ್ದೆ. ಫಿಲ್ಟರಿನ ಬಗ್ಗೆ ಒಂದು ಸುಳ್ಳು ಕೇಳಿದವರು ಇವರೇ.

"ಒಂದ್ ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗುತ್ತೆ?" ಎಂದರು ಅಮ್ಮ.

ಮಾವ ತಾವೇ ನಂಬರ್ ತಿರುಗಿಸಿ ರಿಸೀವರನ್ನು ಅಪ್ಪನ ಕೈಗೆ ಕೊಟ್ಟರು. ಅಪ್ಪ ಹೇಳಿಯೇ ಬಿಡುತ್ತಾರೆ ಎಂದು ನನಗೆ ಖಾತ್ರಿಯಿತ್ತು. ಹೂಂ ಎನ್ನುವುದರಲ್ಲಿ ಅವರಿಗಿದ್ದ ಅನುಭವ ಸಣ್ಣದೇ? ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನಗೆ ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬಂದಿತ್ತು. ಅಪ್ಪ ನಮಸ್ಕಾರ ಹೇಳಿದರು, ಮಳೆಯ ವಿಚಾರ ಹೇಳಿದರು, ಗಂಟಲು ಸರಿಮಾಡಿಕೊಂಡರು.

"ಪೈಪ್ ವಿಷ್ಯ ಅಂದ್ರಂತಲ್ಲ, ನಿಮ್ ಮಗ ಹಾಕಿದ್ದು ತಪ್ಪು. ನನ್ ಮಗಳು ಹೇಳಿದ್ದೇ ಸರಿ."

ರಿಸೀವರ್ ಇಟ್ಟು ಪೋರ್ಟಿಕೋಗೆ ಹೋದರು. ಮಾವ ಕಾಫಿಯನ್ನೂ ಕುಡಿಯದೆ ಎದ್ದು ನಡೆದರು. ನನಗೆ ಎಷ್ಟು ಖುಷಿಯಾಗಿತ್ತೆಂದರೆ ಅಮ್ಮನ ಮುಖ ನೋಡುವ ಧೈರ್ಯವಾಗಲಿಲ್ಲ. ಅಪ್ಪನ ಹಿಂದೆಯೇ ಹೋಗಿ, ಅವತ್ತೇ ಏಕೆ ಹೇಳಲಿಲ್ಲ, ಇಂಜಿನ್ ಹೋಗಿಬಿಟ್ಟಿದ್ದರೆ ಏನು ಗತಿಯಾಗುತ್ತಿತ್ತು ಎಂದು ಕೇಳಿದೆ.

"ಹೋದ್ರೆ ಹೋಗ್ಲಿ ಅಂದ್ಕೊಂಡೆ. ನಿನ್ ಮದುವೆ ಆಗ್ಬೇಕಿತ್ತಲ್ಲ."

ಆದರೂ ಕೇಳಿದೆ. "ನಂಗೆ ಆ ಹುಡುಗ ಇಷ್ಟಾನಾ ಅಂತ ಯಾರಾದ್ರೂ ಕೇಳಿದ್ರಾ?"

ಅಪ್ಪ ಚಿಂದಿಬಟ್ಟೆಯಿಂದ ಕೈ ಒರೆಸಿಕೊಂಡರು. ಕೈ ಶುದ್ಧವಾಗಿಯೇ ಇತ್ತು. ಆಮೇಲೆ ಇಬ್ಬರೂ ಸೇರಿ ಪೈಪುಗಳನ್ನು ಮೊದಲಿನಂತೆ ಜೋಡಿಸಿದೆವು.

ಮಾವನಿಗೆ ನಮ್ಮ ಮೇಲಿನ ಸಿಟ್ಟು ಇಳಿಯಲು ಬಹಳ ದಿನ ಬೇಕಾಗಲಿಲ್ಲ. ಸಂಬಂಧ ಕುದುರಿಸದಿದ್ದರೆ ಅವರಿಗೆ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಇನ್ನೊಂದು ಗಂಡಿನ ಫೋಟೋ ಹಿಡಿದು ಬಂದರು. ಮಲ್ಲೇಶ್ವರದ ಹುಡುಗ, ಸ್ವಂತ ಮನೆ. ಅಮ್ಮ ಆಗಲೇ ಯಾವ ಭಾನುವಾರ ಎಂದು ಲೆಕ್ಕ ಹಾಕುತ್ತಿದ್ದರು. ಅಪ್ಪ ಒಂದು ನಿಮಿಷ ಎಂದು ಹೇಳಿ, ಫೋಟೋ ತೆಗೆದುಕೊಂಡು, ನಾನು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದ ಕೋಣೆಗೆ ಬಂದರು. ಏನೋ ತಪ್ಪು ಮಾಡಿದವರಂತೆ ಬಾಗಿಲಲ್ಲೇ ನಿಂತರು.

"ನೋಡೋದಾ, ಬೇಡ್ವಾ?"

ನಾನು ಫೋಟೋ ನೋಡಿ, ಬೇಡ ಎಂದೆ. ಏಕೆ ಎಂದು ಕೇಳದೆ ಅವರು ಫೋಟೋ ವಾಪಸ್ ತೆಗೆದುಕೊಂಡು ಹೋದರು. ಹಾಲ್‌ನಲ್ಲಿ ಅವರ ದನಿ, ಆಮೇಲೆ ಮಾವನ ದನಿ ಏರಿದ್ದು ಕೇಳಿಸಿತು.

"ಬೇಡ್ವಂತೆ ಅಂದ್ರೆ? ಯಾರ್ ಹೇಳಿದ್ದು ಭಾವ?"

"ಅವಳೇ," ಎಂದರು ಅಪ್ಪ.